ಹಯಾತ ಇರುವವರೆಗೆ: ಇದು ಯಾವ ಧರ್ಮ?

ಹುಕ್ಕೇರಿ ಭಾಗದ ಶ್ರಾವಕ ಮನೆತನಗಳ ಮೃತ್ಯುಪತ್ರಗಳಲ್ಲಿ ಒಂದು ಷರತ್ತು ರೂಢಿಯಾಗಿಬಿಟ್ಟಿದೆ: ಹೆಂಡತಿಯು ಹಯಾತ ಇರುವವರೆಗೆ ಉತ್ಪನ್ನವನ್ನು ಅನುಭವಿಸತಕ್ಕದ್ದು, ಪರಭಾರೆ ಮಾಡತಕ್ಕದ್ದಲ್ಲ, ತದನಂತರ ಆಸ್ತಿಯು ಗಂಡುಮಕ್ಕಳಿಗೆ ಸೇರತಕ್ಕದ್ದು. ಉತಾರದಲ್ಲಿ ತಾಯಿಯ ಹೆಸರು, ಕಬ್ಬಿನ ಬಿಲ್ಲು ಮಗನ ಕೈಯಲ್ಲಿ. ಹೆಣ್ಣುಮಕ್ಕಳು ಒಂದು ಸೀರೆ ಉಟ್ಟುಕೊಂಡು ಹಕ್ಕುಬಿಡುಗಡೆಗೆ ಸಹಿ ಮಾಡಿ ಹೋಗುತ್ತಾರೆ. ಇದಕ್ಕೆ ಹಿರಿಯರ ಧರ್ಮವೆಂದು ಹೆಸರು.

ಯಾವ ಹಿರಿಯರ ಧರ್ಮ? ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ‘ಆದಿಪುರಾಣ’ದಲ್ಲಿ ಗೃಹತ್ಯಾಗ ಮಾಡುವ ಶ್ರಾವಕನ ಸಂಪತ್ತನ್ನು ಮೂರು ಪಾಲು ಮಾಡಿಸಿದ್ದಾರೆ: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಒಂದು ಮಕ್ಕಳಿಗೆ. ಪುತ್ರರೊಡನೆ ಪುತ್ರಿಯರಿಗೂ ಸಮಾನ ಭಾಗವೆಂದು ಅಲ್ಲಿ ಸ್ಪಷ್ಟವಾಗಿ ವಿಧಿಸಿದೆ. ಉತ್ತರ ಭಾರತದ ಜೈನರ ಪ್ರಕರಣವೊಂದರಲ್ಲಿ 1878ರಲ್ಲಿ ಪ್ರಿವಿ ಕೌನ್ಸಿಲ್, ಗಂಡುಸಂತಾನವಿಲ್ಲದ ಜೈನ ವಿಧವೆಗೆ ಪತಿಯ ಸ್ವಯಾರ್ಜಿತದಲ್ಲಿ ಪೂರ್ಣ ಹಕ್ಕಿದೆಯೆಂಬ ರೂಢಿಯನ್ನು ಎತ್ತಿಹಿಡಿಯಿತು. ರೂಢಿಯನ್ನು ಸಾಬೀತುಪಡಿಸದ ಕಡೆ ಮಾತ್ರ ಜೈನರಿಗೂ ಹಿಂದೂ ಧರ್ಮಶಾಸ್ತ್ರದ ಸೀಮಿತ ಹಕ್ಕು ಅನ್ವಯಿಸಿತು. ಅದು ಆಗಮದಿಂದ ಬಂದುದಲ್ಲ, ಕಚೇರಿಯಿಂದ ಬಂದುದು.

ಆ ಸೀಮಿತ ಹಕ್ಕನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ತೆಗೆದುಹಾಕಿತು. ಆ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಕಾಯಿದೆ ಮುಂಬಾಗಿಲಿನಿಂದ ಕಳುಹಿಸಿದುದನ್ನು ಮೃತ್ಯುಪತ್ರ ಹಿತ್ತಲಿನಿಂದ ಒಳಗೆ ಕರೆಯುತ್ತಿದೆ, ಏಕೆಂದರೆ ಅದೇ ಕಲಮಿನ ಎರಡನೆಯ ಉಪಕಲಮು ಅಂಥ ಷರತ್ತಿಗೆ ಎಡೆಯಿತ್ತಿದೆ. ಜೀವನಾಂಶದ ಬದಲಿಗೆ ಕೊಟ್ಟ ಆಸ್ತಿ ಪೂರ್ಣ ಹಕ್ಕಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಹೇಳಿದ ಮೇಲೂ ವ್ಯಾಜ್ಯಗಳು ನಿಂತಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಯಜಮಾನನು ಮೃತ್ಯುಪತ್ರ ಬರೆಯಬಲ್ಲುದು ತನ್ನ ಪಾಲಿಗೆ ಮಾತ್ರ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಅವಿವಾಹಿತ ಹೆಣ್ಣುಮಕ್ಕಳನ್ನೂ, 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಸಹದಾಯಾದಿಗಳನ್ನಾಗಿ ಮಾಡಿದವು. ಆ ಹಕ್ಕು ಜನ್ಮದಿಂದಲೇ ಬರುತ್ತದೆಂದು 2020ರ ತೀರ್ಪು ಸಾರಿತು. ಹೀಗಿರುವಾಗ ಇಡೀ ಜಮೀನನ್ನು ತನ್ನದೆಂದು ಬರೆಯುವುದು ಪರರ ಪಾಲನ್ನು ಬರೆಯುವುದೇ ಆಗಿದೆ. ಅಚೌರ್ಯಾಣುವ್ರತಿಗೆ ಇದು ಸಲ್ಲದು.

ಹೆಂಗಸಿಗೆ ಪೂರ್ಣ ಹಕ್ಕು ಕೊಟ್ಟರೆ ಭೂಮಿ ಮನೆತನದಿಂದ ಹೊರಗೆ ಹೋಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ಸಾಲಕ್ಕೆ, ಚುನಾವಣೆಗೆ, ಆಡಂಬರದ ಮದುವೆಗೆ ಭೂಮಿ ಮಾರಿದವರು ಯಾರು? ಗಂಡುಮಗನಿಗೆ ‘ಹಯಾತ ಇರುವವರೆಗೆ’ ಎಂದು ಬರೆದ ತಂದೆ ಎಲ್ಲಿದ್ದಾನೆ?

ಬಸದಿಯ ಟ್ರಸ್ಟುಗಳಿಗೂ ಇದರಲ್ಲಿ ಹೊಣೆಯಿದೆ. ಹಯಾತಿಯ ಹಕ್ಕು ಮಾತ್ರ ಉಳ್ಳ ವೃದ್ಧೆಯು ಭಕ್ತಿಯಿಂದ ಬರೆದುಕೊಟ್ಟ ಭೂದಾನವು ಆಕೆಯ ಮರಣದೊಡನೆ ವ್ಯಾಜ್ಯವಾಗುತ್ತದೆ; ಮಗನು ಅಭಿಷೇಕದ ಸವಾಲಿನಲ್ಲಿ ಕೂಗುವ ಹಣದಲ್ಲಿ ತಂಗಿಯ ಪಾಲೂ ಸೇರಿರುತ್ತದೆ. ದಾನ ಸ್ವೀಕರಿಸುವ ಮೊದಲು ಟ್ರಸ್ಟಿಗಳು ಉತಾರ ಮತ್ತು ವಾಟ್ನಿಪತ್ರ ನೋಡಲಿ. ತಾಯಿ ಮತ್ತು ಹೆಣ್ಣುಮಕ್ಕಳ ಪಾಲು ಸಂದಿದೆಯೇ ಎಂದು ಕೇಳಲಿ. ಮನೆಯಲ್ಲಿ ಪಾಲು ಕೊಡದವನ ಕಲಶದಿಂದ ಅಭಿಷೇಕ ನಡೆದೀತು, ವ್ರತ ನಡೆಯದು.