ಅರಿತವನ ಮೌನವೂ ಅಪಹರಣವೇ

ವ್ಯಾಪಾರದಲ್ಲಿ ಸುಳ್ಳು ಹೇಳುವುದು ತಪ್ಪೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹೇಳಬೇಕಾದುದನ್ನು ಹೇಳದೆ ಉಳಿಯುವುದೂ ತಪ್ಪೆಂದರೆ ಮಾತ್ರ ಅನೇಕರು ಒಪ್ಪಲು ಹಿಂಜರಿಯುತ್ತಾರೆ. ಈ ಎರಡನೆಯ ತಪ್ಪು ಎಷ್ಟು ಸಹಜವೆಂಬಂತೆ ಬೇರೂರಬಲ್ಲದು ಎಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ನಡೆಯುತ್ತಿರುವ ಒಂದು ವ್ಯಾಪಾರವನ್ನು ಗಮನಿಸಬೇಕು. ಅದು ಹಳೆಯ ರಾಕ್ ಸಂಗೀತದ ಎಲ್.ಪಿ. ರೆಕಾರ್ಡುಗಳ, ಅದರಲ್ಲಿಯೂ ಮೊದಲ ಅಚ್ಚಿನ ರೆಕಾರ್ಡುಗಳ, ಕ್ರಯವಿಕ್ರಯ. ವಸ್ತು ನಮಗೆ ದೂರದ್ದಾಗಿ ಕಂಡೀತು. ಅದರಲ್ಲಿ ಅಡಗಿರುವ ಪ್ರಶ್ನೆ ಅಂಗಡಿಯಿಟ್ಟು ಬಾಳುವ ಯಾವ ಮನೆತನಕ್ಕೂ ದೂರದ್ದಲ್ಲ.

ಮೊದಲ ಅಚ್ಚಿಗೆ ಏಕಿಷ್ಟು ಬೆಲೆ? ಟೇಪಿನಲ್ಲಿರುವ ಸಂಗೀತವನ್ನು ಮೊದಲು ಲ್ಯಾಕರ್ ಲೇಪಿಸಿದ ತಟ್ಟೆಯ ಮೇಲೆ ಗೆರೆಯಾಗಿ ಕೊರೆಯುತ್ತಾರೆ. ಅದರ ಮೇಲೆ ಲೋಹವನ್ನು ಬೆಳೆಸಿ ಒಂದು ಅಚ್ಚು, ಅದರಿಂದ ತಾಯಚ್ಚು, ತಾಯಚ್ಚಿನಿಂದ ಒತ್ತಚ್ಚು ಸಿದ್ಧವಾಗುತ್ತದೆ. ಬಿಸಿ ವಿನೈಲನ್ನು ಒತ್ತಿ ರೆಕಾರ್ಡು ಮಾಡುವುದು ಈ ಒತ್ತಚ್ಚೇ. ಅದು ಒತ್ತುತ್ತ ಒತ್ತುತ್ತ ಸವೆಯುತ್ತದೆ. ಆದ್ದರಿಂದ ಮೊದಲ ಪ್ರತಿಗಳಲ್ಲಿ ನಾದ ಹೆಚ್ಚು ಶುದ್ಧವಾಗಿರುತ್ತದೆಂಬುದು ರಸಿಕರ ನಂಬಿಕೆ. ಕೊನೆಯ ಹಾಡಿಗೂ ನಡುವಿನ ಚೀಟಿಗೂ ಮಧ್ಯೆ ಇರುವ ಬರಿದಾದ ಪಟ್ಟಿಯಲ್ಲಿ ಇದರ ಗುರುತು ಇರುತ್ತದೆ. ಇಂಗ್ಲೆಂಡಿನ ಇ.ಎಂ.ಐ. ಕಂಪನಿ ಒತ್ತಚ್ಚಿನ ಸಂಖ್ಯೆಯನ್ನು ಅಕ್ಷರಗಳಲ್ಲಿ ಸೂಚಿಸುತ್ತಿತ್ತು: ಜಿ ಎಂದರೆ 1, ಆರ್ ಎಂದರೆ 2, ಎ ಎಂದರೆ 3, ಹೀಗೆ ಡಿ ಎಂದರೆ ಸೊನ್ನೆಯವರೆಗೆ. ಬಲ್ಲವನು ಈ ಅಕ್ಷರಗಳನ್ನು ಓದುತ್ತಾನೆ. ಅರಿಯದವನಿಗೆ ಅದು ಬರಿಯ ಗೀಚು. ಈ ವ್ಯಾಪಾರದ ಲಾಭವೆಲ್ಲ ಹುಟ್ಟುವುದು ಈ ಅಂತರದಲ್ಲಿಯೇ.

ಕೆಲವು ನಿದರ್ಶನಗಳನ್ನು ನೋಡೋಣ. ಬೀಟಲ್ಸ್ ತಂಡದ ಮೊದಲ ಎಲ್.ಪಿ. ‘ಪ್ಲೀಸ್ ಪ್ಲೀಸ್ ಮೀ’ ಹೊರಬಂದದ್ದು 1963ರ ಮಾರ್ಚ್ 22ರಂದು. ಆರಂಭದ ಪ್ರತಿಗಳಲ್ಲಿ ಕಪ್ಪು ಚೀಟಿಯ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದವು. ಅದೇ ವರ್ಷ ಅವು ಹಳದಿಯಾದವು. ಒಳಗಿನ ಹಾಡು ಬದಲಾಗಲಿಲ್ಲ, ಆದರೆ ಚಿನ್ನದ ಅಕ್ಷರದ ಸ್ಟೀರಿಯೋ ಪ್ರತಿಗೆ ಇಂದು ಸಂಗ್ರಾಹಕರು ಹಲವು ಪಟ್ಟು ಹೆಚ್ಚು ಹಣ ತೆರುತ್ತಾರೆ. ಲೆಡ್ ಜೆಪೆಲಿನ್ ತಂಡದ ಮೊದಲ ರೆಕಾರ್ಡಿನ ಇಂಗ್ಲೆಂಡ್ ಮುದ್ರಣದಲ್ಲಿ, 1969ರಲ್ಲಿ, ಹೊದಿಕೆಯ ಮೇಲಿನ ಹೆಸರು ಮೊದಲು ಹಸಿರುಮಿಶ್ರಿತ ನೀಲಿಯಲ್ಲಿತ್ತು, ಬಳಿಕ ಕಿತ್ತಳೆಯಾಯಿತು. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ರೆಕಾರ್ಡಿನ ಚೀಟಿಯಲ್ಲಿ ನೀಲಿ ತ್ರಿಕೋನ ತುಂಬಿದ್ದರೆ ಒಂದು ಬೆಲೆ, ಬರಿಯ ಗೆರೆಯಾಗಿದ್ದರೆ ಇನ್ನೊಂದು ಬೆಲೆ.

ಹೆಚ್ಚಿನ ಬೆಲೆಯೇ ಪಾಪವೆಂದು ನಮ್ಮ ವಾದವಲ್ಲ. ಬೀಟಲ್ಸ್ ತಂಡದ 1968ರ ಬಿಳಿ ಹೊದಿಕೆಯ ಎಲ್.ಪಿ.ಯ ಪ್ರತಿಗಳಿಗೆ ಕ್ರಮಸಂಖ್ಯೆ ಒತ್ತಲಾಗಿತ್ತು. ರಿಂಗೋ ಸ್ಟಾರ್ ಅವರ ಬಳಿಯಿದ್ದ 0000001 ಸಂಖ್ಯೆಯ ಪ್ರತಿ 2015ರ ಡಿಸೆಂಬರಿನಲ್ಲಿ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು. ಅಲ್ಲಿ ವಸ್ತು ಯಾವುದು, ಯಾರದು ಎಂಬುದು ಬಹಿರಂಗವಾಗಿತ್ತು. ಮಾರಿದವರೂ ಕೊಂಡವರೂ ಅರಿತೇ ವ್ಯವಹರಿಸಿದರು. ಹುಚ್ಚು ಎನ್ನಬಹುದು, ಮೋಸ ಎನ್ನಲಾಗದು. ಮೋಸ ಮೊದಲಾಗುವುದು ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಾಗ, ಬಲ್ಲವನು ಬಾಯಿ ಮುಚ್ಚಿಕೊಂಡಾಗ.

ಮಾರುವವನ ಮೌನವನ್ನು ಮೊದಲು ನೋಡೋಣ. ಅಮೆರಿಕದ ‘ಗೋಲ್ಡ್‌ಮೈನ್’ ಪತ್ರಿಕೆಯ ದರ್ಜೆಗಳನ್ನು ಈ ವ್ಯಾಪಾರದಲ್ಲಿ ಅನೇಕರು ಅನುಸರಿಸುತ್ತಾರೆ: ಮಿಂಟ್, ನಿಯರ್ ಮಿಂಟ್, ವೆರಿ ಗುಡ್ ಪ್ಲಸ್, ವೆರಿ ಗುಡ್, ಗುಡ್. ‘ಗುಡ್’ ಎಂದರೆ ಒಳ್ಳೆಯದೆಂದು ತಿಳಿದವನು ಕೆಟ್ಟ. ಅದು ಗೀರುಬಿದ್ದು, ಸವೆದು, ಕರಕರ ಎನ್ನುವ ತಟ್ಟೆ. ಆ ಪದ್ಧತಿಯಂತೆ ‘ವೆರಿ ಗುಡ್ ಪ್ಲಸ್’ ತಟ್ಟೆಯ ಬೆಲೆ ‘ನಿಯರ್ ಮಿಂಟ್’ ತಟ್ಟೆಯ ಅರ್ಧದಷ್ಟು, ‘ವೆರಿ ಗುಡ್’ ಕಾಲುಭಾಗ. ಎಂದರೆ ಒಂದು ಮೆಟ್ಟಿಲು ಏರಿಸಿ ಬರೆದರೆ ಬೆಲೆ ಎರಡರಷ್ಟು! ನುಡಿಸಿ ಕೇಳದೆ, ದೀಪದಡಿ ಕಣ್ಣೋಡಿಸಿ ದರ್ಜೆ ಬರೆಯುವವರಿದ್ದಾರೆ. ಮರುಮುದ್ರಣವನ್ನು ‘ಹಳೆಯ ಪ್ರತಿ’ ಎಂದಷ್ಟೇ ಕರೆದು, ಉಳಿದುದನ್ನು ಕೊಳ್ಳುವವನ ಆಸೆಗೆ ಬಿಡುವವರಿದ್ದಾರೆ. ಷಿಕಾಗೋದ ವೀ-ಜೇ ಕಂಪನಿ 1964ರಲ್ಲಿ ಹೊರತಂದ ‘ಇಂಟ್ರೊಡ್ಯೂಸಿಂಗ್ ದಿ ಬೀಟಲ್ಸ್’ ರೆಕಾರ್ಡಿನ ಖೋಟಾ ಪ್ರತಿಗಳು ದಶಕಗಳಿಂದ ಕೈಯಿಂದ ಕೈಗೆ ದಾಟುತ್ತಲೇ ಇವೆ. ತಾನು ಮೋಸಹೋದೆನೆಂದು ತಿಳಿದವನು ಅದನ್ನು ಒಡೆದುಹಾಕುವುದಿಲ್ಲ, ಮುಂದಿನವನಿಗೆ ದಾಟಿಸುತ್ತಾನೆ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ನಮ್ಮ ಆಚಾರ್ಯರು ‘ಪ್ರತಿರೂಪಕ ವ್ಯವಹಾರ’ ಎಂದು ಹೆಸರಿಸಿದುದು ಇದನ್ನೇ.

ಆದರೆ ಇದಕ್ಕಿಂತ ಸೂಕ್ಷ್ಮವಾದುದು, ಆದ್ದರಿಂದಲೇ ಹೆಚ್ಚು ಅಪಾಯಕರವಾದುದು, ಕೊಳ್ಳುವವನ ಮೌನ. ಗಂಡ ತೀರಿಕೊಂಡ ಒಂದು ಮನೆಯನ್ನು ನೆನೆಯಿರಿ. ಆತ ಯೌವನದಲ್ಲಿ ಕೊಂಡಿಟ್ಟ ರೆಕಾರ್ಡುಗಳ ಪೆಟ್ಟಿಗೆ ಮೂಲೆಯಲ್ಲಿದೆ. ಮನೆ ಖಾಲಿ ಮಾಡುವ ಅವಸರದಲ್ಲಿ ವೃದ್ಧೆ ಒಬ್ಬ ವ್ಯಾಪಾರಿಯನ್ನು ಕರೆಯುತ್ತಾಳೆ. ಆತ ಒಂದೊಂದನ್ನೇ ತೆಗೆದು ನೋಡುತ್ತಾನೆ. ಕಪ್ಪು ಚೀಟಿ, ಚಿನ್ನದ ಅಕ್ಷರ ಕಣ್ಣಿಗೆ ಬಿದ್ದಾಗ ಅವನ ಎದೆ ಹೊಡೆದುಕೊಳ್ಳುತ್ತದೆ. ಮುಖದಲ್ಲಿ ಏನನ್ನೂ ತೋರಗೊಡುವುದಿಲ್ಲ. “ಇವೆಲ್ಲ ಸಾಮಾನ್ಯದವು, ಆದರೂ ಪೆಟ್ಟಿಗೆಗೆ ಇಷ್ಟು ಕೊಡುತ್ತೇನೆ” ಎನ್ನುತ್ತಾನೆ. ಆಕೆ ಉಪಕಾರವಾಯಿತೆಂದು ಕೈಮುಗಿದು ಕಳುಹಿಸುತ್ತಾಳೆ. ಈ ಕಥೆಯನ್ನು ಸಂಗ್ರಾಹಕರ ಕೂಟದಲ್ಲಿ ಹೇಳಿದರೆ ನಾಚಿಕೆಯಿಂದ ಯಾರೂ ತಲೆ ತಗ್ಗಿಸುವುದಿಲ್ಲ, ಬೆನ್ನು ತಟ್ಟುತ್ತಾರೆ. ನಮ್ಮ ಆಕ್ಷೇಪ ಇರುವುದು ಈ ಬೆನ್ನು ತಟ್ಟುವಿಕೆಗೆ.

ಅಂತರ ಎಷ್ಟಾಗಬಲ್ಲದು? ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಮೊದಲ ಎಲ್.ಪಿ.ಗೂ ಹಿಂದಿನ ಒಂದು ಪರೀಕ್ಷಾ ತಟ್ಟೆ 2002ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ 75 ಸೆಂಟಿಗೆ ಮಾರಾಟವಾಯಿತು. 2006ರಲ್ಲಿ ಅದೇ ತಟ್ಟೆಗೆ 25,200 ಡಾಲರ್ ಬಂದಿತು. ಬೀದಿಯಲ್ಲಿ ಅದನ್ನು ಕೊಂಡವರ ಮೇಲೆ ನಾವು ದೋಷ ಹೊರಿಸುತ್ತಿಲ್ಲ. ಅರಿವಿಗೂ ಅರಿಯದಿರುವಿಕೆಗೂ ನಡುವೆ ಎಷ್ಟು ಹಣ ನಿಂತಿರಬಲ್ಲದೆಂಬುದನ್ನು ಮಾತ್ರ ತೋರಿಸುತ್ತಿದ್ದೇವೆ.

ಇದಕ್ಕೆ ಮೂರು ಸಮಾಧಾನಗಳನ್ನು ಹೇಳುವುದುಂಟು. ಇಪ್ಪತ್ತು ವರ್ಷ ಶ್ರಮಪಟ್ಟು ಗಳಿಸಿದ ಜ್ಞಾನಕ್ಕೆ ಬೆಲೆಯಿಲ್ಲವೇ ಎಂಬುದು ಮೊದಲನೆಯದು. ಇದೆ, ಅದನ್ನು ಕೂಲಿಯಾಗಿ, ದಲ್ಲಾಳಿಯಾಗಿ ಬಾಯಿಬಿಟ್ಟು ಕೇಳಿರಿ. ವೈದ್ಯನ ಜ್ಞಾನಕ್ಕೂ ಬೆಲೆಯಿದೆ, ಹಾಗೆಂದು ಅವನು ರೋಗಿಯ ಅಜ್ಞಾನವನ್ನು ಲೂಟಿ ಮಾಡುವುದಿಲ್ಲ. ಆಕೆ ಒಪ್ಪಿಯೇ ಕೊಟ್ಟಳಲ್ಲ ಎಂಬುದು ಎರಡನೆಯದು. ಏನನ್ನು ಕೊಡುತ್ತಿದ್ದೇನೆಂದು ತಿಳಿಯದವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ನಾನು ಕೊಳ್ಳದಿದ್ದರೆ ಅದು ಕಸದ ಬುಟ್ಟಿ ಸೇರುತ್ತಿತ್ತು ಎಂಬುದು ಮೂರನೆಯದು. ಬೆಂಕಿಯಿಂದ ಪೆಟ್ಟಿಗೆಯನ್ನು ಹೊರತಂದವನಿಗೆ ಕೃತಜ್ಞತೆ ಸಲ್ಲುತ್ತದೆ; ಪೆಟ್ಟಿಗೆ ಸಲ್ಲುವುದಿಲ್ಲ.

ಬೆಲೆ ತಿಳಿಯುವುದು ಒಂದು ಕಾಲದಲ್ಲಿ ಕಷ್ಟವಾಗಿದ್ದಿತು. 2000ದಲ್ಲಿ ಆರಂಭವಾದ ‘ಡಿಸ್ಕಾಗ್ಸ್’ ಪಟ್ಟಿಯಲ್ಲಿ ಇಂದು ಚೀಟಿಯ ಬಣ್ಣ, ಅಂಚಿನ ಅಕ್ಷರ, ಹಿಂದಿನ ಮಾರಾಟದ ಬೆಲೆ ಎಲ್ಲವೂ ಸಿಕ್ಕುತ್ತವೆ. ಆದ್ದರಿಂದ ಇಂದು ಅರಿಯದೆ ಉಳಿದವರು ಬಹುಮಟ್ಟಿಗೆ ವೃದ್ಧರು, ದುಃಖದಲ್ಲಿರುವವರು, ಅವಸರದಲ್ಲಿರುವವರು. ಮೌನದ ಲಾಭ ಇಂಥವರಿಂದಲೇ ಬರುತ್ತದೆಂದ ಮೇಲೆ ಅದನ್ನು ಜಾಣತನವೆನ್ನಲು ಯಾವ ಮನಸ್ಸು ಒಪ್ಪೀತು?

ಪರಿಹಾರ ಕಠಿಣವಲ್ಲ. ಮಾರುವವನು ಅಂಚಿನ ಅಕ್ಷರಗಳನ್ನು ಇದ್ದಂತೆ ಬರೆಯಲಿ; ಎರಡೂ ಬದಿಗಳನ್ನು ನುಡಿಸಿ ಕೇಳಿದ ಬಳಿಕವೇ ದರ್ಜೆ ಹೇಳಲಿ; ಸಂಶಯವಿದ್ದರೆ ಕೆಳಗಿನ ದರ್ಜೆಯನ್ನೇ ಬರೆಯಲಿ; ಖೋಟಾ ಪ್ರತಿ ಕೈಸೇರಿದರೆ ಅದರ ಸರಪಳಿ ತನ್ನಲ್ಲಿಯೇ ಮುಗಿಯಲಿ. ಕೊಳ್ಳುವವನು ಹಣ ಎಣಿಸುವ ಮುನ್ನ “ಅಮ್ಮಾ, ಈ ಒಂದಕ್ಕೆ ಇಷ್ಟು ಬೆಲೆಯಿದೆ, ನನ್ನ ಲಾಭ ಇಷ್ಟು” ಎನ್ನಲಿ. ಲಾಭ ಕಡಿಮೆಯಾದೀತು, ನಿದ್ರೆ ಚೆನ್ನಾಗಿ ಬಂದೀತು.

ಕಲಕತ್ತೆಯ ಡಂಡಂ ಕಾರ್ಖಾನೆಯಲ್ಲಿಯೂ ಬೀಟಲ್ಸ್ ರೆಕಾರ್ಡುಗಳನ್ನು ಒತ್ತಲಾಗಿತ್ತು. ಅವನ್ನು ಕೊಂಡ ಮನೆಗಳು ನಮ್ಮ ದೇಶದಲ್ಲಿಯೂ ಇವೆ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಕೊಳ್ಳುವವರಾಗಿಯೋ ಮಾರುವವರಾಗಿಯೋ ಅಂಥ ಪೆಟ್ಟಿಗೆಯ ಮುಂದೆ ಕುಳಿತಾರು. ರೆಕಾರ್ಡಾಗಲಿ, ಒಡವೆಯಾಗಲಿ, ತುಂಡು ನೆಲವಾಗಲಿ, ಪರೀಕ್ಷೆ ಒಂದೇ: ನನಗೆ ಗೊತ್ತಿರುವುದು ಎದುರಿನವರಿಗೂ ಗೊತ್ತಿದ್ದರೆ ಈ ಬೆಲೆಗೆ ಅವರು ಕೈ ಚಾಚುತ್ತಿದ್ದರೇ? ಇಲ್ಲವೆಂದು ಅಂತರಂಗ ನುಡಿದರೆ, ಬಾಯಿ ತೆರೆಯದೆ ಉಳಿದ ಆ ಕ್ಷಣದಲ್ಲಿಯೇ ಪರರ ಸೊತ್ತು ನಮ್ಮ ಕೈಸೇರಿತೆಂದು ತಿಳಿಯಬೇಕು.