ಸಬ್ಜೆಕ್ಟ್ ಅಂದ್ರೆ ಕೆಲಸ ಮಾಡುವವನಲ್ಲ ಸ್ವಾಮೀ!

ಮೊನ್ನೆ ಪಕ್ಕದ ಮನೆ ಹುಡುಗಿ ಗ್ರಾಮರ್ ಉರು ಹೊಡೀತಿದ್ಲು. "ಸಬ್ಜೆಕ್ಟ್ ಅಂದರೆ ಕರ್ತೃ, ಕೆಲಸ ಮಾಡುವವನು." ಕನ್ನಡ ಮೀಡಿಯಂ ಮಕ್ಕಳಿಗೆ ನಾವು ಮಾಡ್ತಿರೋ ಮೋಸ ಇಲ್ಲಿಂದಲೇ ಶುರು.

"ರಾವಣ ವಾಸ್ ಕಿಲ್ಡ್ ಬೈ ರಾಮ" ಅಂತ ಬರೆದು, ಸಬ್ಜೆಕ್ಟ್ ಯಾವುದಮ್ಮಾ ಅಂದೆ. ರಾಮ ಅಂದ್ಲು. ಪಾಪ, ಪಾಠದ ಪ್ರಕಾರ ಅವಳು ಹೇಳಿದ್ದೇ ಸರಿ! ಆದ್ರೆ ಇಲ್ಲಿ ಸಬ್ಜೆಕ್ಟು ಸತ್ತು ಬಿದ್ದಿರೋ ರಾವಣ. "ಇಟ್ ಈಸ್ ರೈನಿಂಗ್" ಅನ್ನೋದ್ರಲ್ಲಿ 'ಇಟ್' ಯಾರು? ಯಾರೂ ಇಲ್ಲ. ಸಬ್ಜೆಕ್ಟಿನ ಜಾಗ ಖಾಲಿ ಬಿಡೋ ಹಾಗಿಲ್ಲ ಅಂತ ತಂದು ಕೂರಿಸಿದ್ದು, ಅಷ್ಟೆ.

ಈ ಜಾಗದ ಮಹಿಮೆಯನ್ನೇ ಯಾರೂ ಹೇಳಿಕೊಡಲ್ಲ ನೋಡಿ. 'ರಾಮ ರಾವಣನನ್ನು ಕೊಂದ' ಅನ್ನಿ, 'ರಾವಣನನ್ನು ರಾಮ ಕೊಂದ' ಅನ್ನಿ, ಸಾಯೋನು ರಾವಣನೇ. 'ಅನ್ನು' ಪ್ರತ್ಯಯ ಕಾಯುತ್ತೆ. ಇಂಗ್ಲಿಷಿನಲ್ಲಿ ಹೆಸರುಗಳಿಗೆ ಅಂಥ ಪ್ರತ್ಯಯ ಇಲ್ಲ ('ಹಿ-ಹಿಮ್' ಥರದ ಕೆಲವು ಸರ್ವನಾಮಗಳಲ್ಲಿ ಮಾತ್ರ ರೂಪ ಬದಲಾಗುತ್ತೆ). "ರಾಮ ಕಿಲ್ಡ್ ರಾವಣ" ಅನ್ನೋದ್ರಲ್ಲಿ ಎರಡು ಹೆಸರು ಅದಲು ಬದಲು ಮಾಡಿ, ರಾಮನೇ ಸತ್ತ!

"ಹಿ ಟೀಚರ್" ಅಂತ ಬರೆದ್ರೆ ಕೆಂಪು ಗೀಟು. 'ಅವರು ಮೇಷ್ಟ್ರು' ಅನ್ನೋಕೆ ನಮಗೆ ಕ್ರಿಯಾಪದ ಬೇಡ, ಇಂಗ್ಲಿಷಿಗೆ ಬೇಕು. ಇಷ್ಟು ಹೇಳೋಕೆ ಎರಡು ನಿಮಿಷ ಸಾಕು. ಅದು ಬಿಟ್ಟು ಮಗುವನ್ನ ದಡ್ಡಿ ಅಂತೀವಿ.

ಯಾವ ಮೀಡಿಯಂ ಬೇಕು ಅಂತ ನಾವು ಬ್ಲಾಗಿಗರು ಕಿತ್ತಾಡಿದ್ದು ಆಯ್ತು... ಮನೆ ಹತ್ರದ ಒಂದು ಮಗುವಿಗೆ ಈ ರಾಮ-ರಾವಣರ ಜಾಗ ಬದಲಿಸಿ ತೋರಿಸಿದ್ದೀವಾ?