ಇಮ್ಮಡಿ ಹಡಗಿನ ಲೆಕ್ಕ

ಮಂಗಳೂರಿನ ಬಂದರ್‌ನಲ್ಲಿ ಮರದ ಮಂಜಿಗಳು ನಿಂತಿರುವುದನ್ನು ನಮ್ಮ ಓದುಗ ಬಂಧುಗಳಲ್ಲಿ ಹಲವರು ಕಂಡಿರಬಹುದು. ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಕಟ್ಟಡದ ಸಾಮಗ್ರಿಗಳನ್ನು ಹೊತ್ತು ಸಾಗುತ್ತ ಬಂದ ನೌಕೆಗಳಿವು. ಉತ್ತರಕ್ಕೆ ಪಣಂಬೂರಿನಲ್ಲಿಯಾದರೋ ಬೆಟ್ಟದಂತಹ ಹಡಗುಗಳು. ಭಾರೀ ಸರಕೆಲ್ಲ ಅತ್ತ ಸರಿದುದೇಕೆ? ಉತ್ತರದ ಒಂದು ಪಾಲು ನಮ್ಮ ಮಕ್ಕಳ ಗಣಿತ ಪುಸ್ತಕದಲ್ಲಿಯೇ ಇದೆ.

ಸುಲಭಕ್ಕಾಗಿ ಹಡಗನ್ನು ಪೆಟ್ಟಿಗೆಯೆಂದೇ ಭಾವಿಸೋಣ. ಉದ್ದ 10 ಮೀಟರು, ಅಗಲ 4, ಎತ್ತರ 3. ಆರೂ ಮುಖಗಳ ಮೇಲ್ಮೈ 164 ಚದರ ಮೀಟರು. ಒಳಗೆ ಹಿಡಿಯುವುದು 120 ಘನ ಮೀಟರು. ಮೂರು ಅಳತೆಗಳನ್ನೂ ಇಮ್ಮಡಿಗೊಳಿಸಿದರೆ ಮೇಲ್ಮೈ 656, ಅಂದರೆ ನಾಲ್ಮಡಿ. ಒಳಗಿನ ಜಾಗವಾದರೋ 960, ಎಂಟು ಮಡಿ! ಬಣ್ಣ ಬಳಿಯುವುದು ಮೈಗೆ, ನೀರು ಉಜ್ಜಿ ತಡೆಯುವುದೂ ಮೈಯನ್ನೇ. ಬಾಡಿಗೆ ದುಡಿಯುವುದು ಮಾತ್ರ ಒಡಲು. (ದೊಡ್ಡ ಹಡಗಿಗೆ ಹಲಗೆಯೂ ದಪ್ಪವಾಗಬೇಕಾದುದರಿಂದ ಮರದ ಖರ್ಚು ನಾಲ್ಮಡಿಗೇ ನಿಲ್ಲದೆಂಬುದನ್ನು ಮರೆಯಲಾಗದು.) ವರ್ತಕರು ದೊಡ್ಡ ಹಡಗಿಗೆ ಒಲಿದುದು ಸಹಜವೇ. ಆದರೆ ಹಡಗು ಬೆಳೆದಂತೆ ಆಳವಾದ ನೀರೂ ಬೇಕು. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಮರಳಿನ ದಿಬ್ಬ. ದೊಡ್ಡ ಹಡಗುಗಳು ಹೊರಗೆ ಕಡಲಲ್ಲಿಯೇ ಲಂಗರು ಹಾಕಿ, ಸಣ್ಣ ದೋಣಿಗಳಿಂದ ಸರಕು ಇಳಿಸಿಕೊಳ್ಳಬೇಕಾಗಿತ್ತು. ಪಣಂಬೂರಿನಲ್ಲಿ ಆಳದ ಬಂದರು ಸಿದ್ಧಗೊಂಡು, 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಹಳೆಯ ಬಂದರ್‌ನಲ್ಲಿ ಮೂಟೆ ಹೊತ್ತು ಬದುಕಿದವರ ಪಾಲಿಗೆ ಈ ಲೆಕ್ಕ ಕರುಣೆಯದೆಂದು ನಾವು ಹೇಳಲಾರೆವು.

ಅಲ್ಲಿಯ ಮೀನುಗಾರಿಕೆಯ ದಕ್ಕೆಯಲ್ಲಿ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಮೀನು ನಮ್ಮ ಮನೆಗಳ ಆಹಾರವಲ್ಲ, ನಿಜ. ಗಣಿತಕ್ಕೆ ಆ ಭೇದವಿಲ್ಲ. ಮಂಜುಗಡ್ಡೆ ಇಡಿಯಾಗಿದ್ದಷ್ಟು ಹೊತ್ತು ನಿಧಾನವಾಗಿ ಕರಗುತ್ತದೆ. ಮೀನನ್ನು ಬೇಗ ತಣಿಸಬೇಕಾದಾಗ ಅದನ್ನು ಪುಡಿಮಾಡುತ್ತಾರೆ. ಒಂದು ಅಡಿ ಘನದ ಗಡ್ಡೆಯ ಮೇಲ್ಮೈ 6 ಚದರ ಅಡಿ. ಅದನ್ನೇ ಒಂದೊಂದು ಅಂಗುಲದ 1728 ತುಂಡುಗಳಾಗಿಸಿದರೆ ಒಟ್ಟು ಮೇಲ್ಮೈ 72 ಚದರ ಅಡಿ. ಮಂಜು ಅಷ್ಟೇ, ಮೈ ಮಾತ್ರ ಹನ್ನೆರಡು ಮಡಿ.

ಸಣ್ಣದಕ್ಕೆ ತೂಕಕ್ಕಿಂತ ಮೈಯೇ ಹೆಚ್ಚು. ತೊಟ್ಟಿಲ ಕೂಸಿನ ಸ್ಥಿತಿಯೂ ಇದೇ. ತನ್ನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಬಹಳ ಹೆಚ್ಚಾದುದರಿಂದ ಮೈಯ ಬಿಸಿ ಬೇಗನೆ ಸೋರಿಹೋಗುತ್ತದೆ. ಎರೆದ ಕೂಡಲೇ ಒರೆಸಿ, ಬಟ್ಟೆಯಲ್ಲಿ ಸುತ್ತುವ ಅಜ್ಜಿಯರನ್ನು ಕಂಡು ಸೊಸೆಯಂದಿರು ನಗುವುದುಂಟು. ನಗಬೇಕಾಗಿಲ್ಲ. ಕೂಸಿನ ಮೈಯಲ್ಲಿ ತಲೆಯ ಪಾಲೂ ದೊಡ್ಡದು. ಚಳಿಯ ದಿನಗಳಲ್ಲಿ ಮಿಂದ ಮೇಲೆ ಕುಲಾವಿ ತೊಡಿಸುವುದನ್ನು ಮರೆಯಬಾರದು.